ಸರ್ವೇ ನಂಬರ್ 86, ಹಿಸ್ಸೆ 2

1979ರಲ್ಲಿ ನಾನು ನವಲಗುಂದದ ತಹಶೀಲ್ದಾರ ಕಚೇರಿಯ ಎದುರಿಗೆ ಅರ್ಜಿ ಬರೆದುಕೊಡುವ ಅಂಗಡಿ ನಡೆಸುತ್ತಿದ್ದೆ. ಜನ ಅದನ್ನು ಇನ್ನೂ ಮಾಮಲೇದಾರ ಕಚೇರಿ ಎಂದೇ ಅನ್ನುತ್ತಿದ್ದರು. ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಖೋಲಿ, ಒಂದು ಮೇಜು, ಬಂದವರು ಕೂಡ್ರಲು ಒಂದು ಬೆಂಚು. ಅದಕ್ಕೂ ಮೊದಲು ಹನ್ನೊಂದು ವರ್ಷ ಭೂದಾಖಲೆಗಳ ನಡುವೆ ಗುಮಾಸ್ತನಾಗಿದ್ದೆ. ಮೇಲಿನವರ ಜೊತೆ ಹೊಂದಿಕೆಯಾಗದೆ ನೌಕರಿ ಬಿಟ್ಟಾಗ ನನ್ನ ಹತ್ತಿರ ಇದ್ದ ಬಂಡವಾಳವೆಂದರೆ ಹೊಲದ ಕಾಗದ ಓದುವ ಕಣ್ಣು ಮಾತ್ರ.

ಉಳುವವನಿಗೇ ಭೂಮಿ ಎಂಬ ಕಾನೂನು ಬಂದು ಐದು ವರ್ಷವಾಗಿತ್ತು. ಗೇಣಿಗೆ ಹೊಲ ಮಾಡುವವನು ಏಳನೇ ನಂಬರಿನ ಫಾರ್ಮ್ ತುಂಬಿ ಕೊಡಬೇಕು. ಭೂನ್ಯಾಯಮಂಡಳಿ ವಿಚಾರಣೆ ನಡೆಸಿ, ಅವನು ಉಳುತ್ತಿದ್ದದ್ದು ನಿಜವೆಂದು ಕಂಡರೆ ಆ ಹೊಲ ಅವನ ಹೆಸರಿಗಾಗುತ್ತದೆ. ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ಹೀಗಾಗಿ ಫಾರ್ಮಿನಲ್ಲಿ ಏನು ಬರೆದಿದೆಯೋ ಅದೇ ರೈತನ ವಾದ. ಅರ್ಜಿ ಕೊಡುವ ಗಡುವು ಹಲವು ಸಲ ಮುಂದೆ ಹೋಗಿ, ಕೊನೆಗೆ ಆ ವರ್ಷದ ಜೂನ್ ಅಂತ್ಯಕ್ಕೆ ಬಂದು ನಿಂತಿತ್ತು.

ಮೊದಲಿನಿಂದಲೂ ನಾನು ಒಂದು ಅರ್ಜಿಗೆ ಎರಡು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಬಾಜೂ ಅಂಗಡಿಯವನದೂ ಎರಡೇ. ಆದರೆ ಅವನು ಬಂದವರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತಿದ್ದ. ನಾನು ಉತಾರ, ಅಂದರೆ ಹೊಲದ ದಾಖಲೆಯ ನಕಲು, ತರಿಸಿ ನೋಡುತ್ತಿದ್ದೆ. ಗೇಣಿ ಕೊಟ್ಟದ್ದಕ್ಕೆ ಮಾಲೀಕರು ಬರೆದುಕೊಟ್ಟ ಪಾವತಿಗಳನ್ನು ಅದರ ಜೊತೆ ತಾಳೆ ಹಾಕುತ್ತಿದ್ದೆ. ಅನುಮಾನ ಬಂದರೆ ಊರಿನ ಜಮೀನು ಲೆಕ್ಕ ಇಡುವ ತಲಾಠಿಯ ಮನೆತನಕ ಸೈಕಲ್ ತುಳಿಯುತ್ತಿದ್ದೆ. ಕೆಲವಕ್ಕೆ ಅರ್ಧ ದಿನವೇ ಹೋಗುತ್ತಿತ್ತು.

ನನ್ನ ಹೆಂಡತಿ ಗಿರಿಜಾ ಒಂದು ದಿನ ಊಟಕ್ಕೆ ಬಡಿಸುತ್ತ ಅಂದಳು, "ಅಂಗಿ ಹೊಲಿಯಾಂವ ಸುದ್ದಾ ನಿಮಗಿಂತ ಜಾಸ್ತಿ ತಗೋತಾನ. ನಿಮ್ಮ ಕಲಿಕಿಗೆ ನೀವ ಬೆಲಿ ಕಟ್ಟಲಿಲ್ಲಂದ್ರ ಮಂದಿ ಯಾಕ ಕಟ್ಟತಾರ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಏಪ್ರಿಲ್‌ನಲ್ಲಿ ದರವನ್ನು ಹತ್ತು ರೂಪಾಯಿ ಮಾಡಿದೆ. ಕೂಲಿಯವನಿಗೆ ಅದು ಮೂರು ದಿನದ ದುಡಿಮೆ. ಆದರೂ ಆ ದರ ಅನ್ಯಾಯದ್ದೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅದರ ಜೊತೆ ಎರಡು ಕಟ್ಟಳೆ ಮಾಡಿಕೊಂಡೆ. ಯಾರಿಗೂ ಕಡಿಮೆ ಮಾಡಬಾರದು. ದರ ಒಪ್ಪುವ ಮೊದಲು ಕಾಗದದಲ್ಲಿ ಕಂಡದ್ದನ್ನು ಬಾಯಿಬಿಡಬಾರದು. ಎರಡನೆಯದಕ್ಕೆ ಕಾರಣವಿತ್ತು. ಕೆಲವರು ನನ್ನ ಬೆಂಚಿನ ಮೇಲೆ ಕೂತು, ಎಲ್ಲಾ ಕೇಳಿಕೊಂಡು, ಬಾಜೂ ಅಂಗಡಿಯಲ್ಲಿ ಬರೆಸಿಕೊಂಡು ಹೋಗಿದ್ದರು.

ಮೇ ತಿಂಗಳಲ್ಲಿ ಮೊರಬದ ಹನುಮಂತಪ್ಪ ಎಂಬ ರೈತ ಹೆಂಡತಿ ನೀಲವ್ವನನ್ನು ಕರೆದುಕೊಂಡು ಬಂದ. ನಾಲ್ಕು ಎಕರೆ ಇಪ್ಪತ್ತು ಗುಂಟೆ ಎರೆಹೊಲವನ್ನು ಅವನ ತಂದೆಯ ಕಾಲದಿಂದ ಗೇಣಿಗೆ ಮಾಡುತ್ತಿದ್ದರು. ಅರಿವೆಯಲ್ಲಿ ಸುತ್ತಿದ್ದ ಕಾಗದಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಉತಾರ ಸರ್ವೇ ನಂಬರ್ 86, ಹಿಸ್ಸೆ 1ರದು. ಅದರಲ್ಲಿ ಮಾಲೀಕರ ಮನೆಯ ಅಣ್ಣನ ಹೆಸರಿತ್ತು. ಆದರೆ ಗೇಣಿಯ ಪಾವತಿಗಳ ಮೇಲೆ ತಮ್ಮನ ಸಹಿ. ನನಗೆ ಎರಡೇ ನಿಮಿಷದಲ್ಲಿ ತಿಳಿಯಿತು. ಅಣ್ಣತಮ್ಮಂದಿರು ಪಾಲಾದಾಗ ಹೊಲ ಎರಡು ಹಿಸ್ಸೆಯಾಗಿದೆ. ಈತ ಉಳುತ್ತಿರುವುದು ತಮ್ಮನ ಪಾಲಿನ ಹಿಸ್ಸೆ 2. ಊರಲ್ಲಿ ಇಡೀ ಹೊಲಕ್ಕೆ ಇನ್ನೂ ಅಣ್ಣನ ಹೆಸರೇ ಹೇಳುವುದರಿಂದ ತಪ್ಪು ಉತಾರ ಕೈಗೆ ಬಂದಿದೆ.

ದರ ಕೇಳಿ ಹನುಮಂತಪ್ಪ ಅಂದ, "ಬಾಜೂದಾಗ ಎರಡು ರೂಪಾಯಿಗೆ ಬರೀತಾರಲ್ರಿ."

"ಬರೀತಾರ. ನಿಮ್ಮ ಕಾಗದದಾಗ ಒಂದು ತೊಡಕೈತಿ. ಅದನ್ನ ಬಿಡಿಸಿ ಬರಿಯಾಕ ಹತ್ತು."

"ಏನ್ ತೊಡಕರಿ?"

"ಬರಸ್ತೀನಿ ಅನ್ರಿ, ಹೇಳ್ತೀನಿ."

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ, "ಐದು ಕೊಡ್ತೀನ್ರಿ ಮಾಸ್ತರ," ಅಂದ.

"ಒಬ್ಬರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಕ್ಕೈತಿ."

ಕಾಗದ ಮಡಚಿಕೊಂಡು ಎದ್ದ. ಹೊಸ್ತಿಲು ದಾಟುವಾಗ ಹೆಂಡತಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು, "ತೊಡಕಿಲ್ಲ ಏನಿಲ್ಲ. ಅಂಜಿಸಿ ರೊಕ್ಕ ತಗೊಳ್ಳೂ ಮಾತದು."

ನನಗೆ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿರಲು ಆ ಸಿಟ್ಟು ನನಗೆ ಒಳ್ಳೆಯ ನೆಪವೇ ಆಯಿತು. ಬಾಜೂ ಅಂಗಡಿಯ ಕಟ್ಟೆಯ ಮೇಲೆ ಅವರು ಕೂತದ್ದು, ಆತ ಉತಾರ ನೋಡಿ ನೋಡಿ ಫಾರ್ಮಿನಲ್ಲಿ ನಂಬರು ಇಳಿಸುತ್ತಿದ್ದದ್ದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ಕಾಲು ತಾಸು ಹಿಡಿಯಿತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಮುಂದಿನ ಗಿರಾಕಿಯ ಕಾಗದ ಕೈಗೆ ತೆಗೆದುಕೊಂಡೆ.

ಡಿಸೆಂಬರಿನಲ್ಲಿ ಹನುಮಂತಪ್ಪನ ಅರ್ಜಿ ಮಂಡಳಿಯ ಮುಂದೆ ವಿಚಾರಣೆಗೆ ಬಂತು. ಬೇರೊಂದು ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಿಸ್ಸೆ 1ರ ಮಾಲೀಕನಾದ ಅಣ್ಣ ಹೇಳಿದ, "ಇಂವ ನನ್ನ ಹೊಲ ಎಂದೂ ಮಾಡಿಲ್ಲರಿ." ಅದು ನಿಜ. ತಮ್ಮ ಹೇಳಿದ, "ನನ್ನ ಹೊಲದ ಮ್ಯಾಲೆ ಯಾರೂ ಅರ್ಜಿ ಕೊಟ್ಟಿಲ್ಲರಿ." ಅದೂ ನಿಜ. ತಾನು ಮೂವತ್ತು ವರ್ಷದಿಂದ ಉಳುತ್ತಿದ್ದೇನೆ ಎಂದು ಹನುಮಂತಪ್ಪ ಹೇಳಿದ್ದೂ ನಿಜ. ಆ ಕೋಣೆಯಲ್ಲಿ ಅಂದು ಯಾರೂ ಸುಳ್ಳಾಡಲಿಲ್ಲ. ಅರ್ಜಿ ವಜಾ ಆಯಿತು.

ಗಂಡಹೆಂಡಿರು ಆದೇಶದ ಪ್ರತಿ ಹಿಡಿದುಕೊಂಡು ನೇರವಾಗಿ ನನ್ನ ಅಂಗಡಿಗೆ ಬಂದರು. ನಾನು ದರದ ಮಾತೆತ್ತದೆ ತಿದ್ದುಪಡಿ ಕೋರಿ ಎರಡು ಪುಟದ ಅರ್ಜಿ ಬರೆದೆ. ಆರು ಪಾವತಿಗಳ ತಾರೀಖುಗಳನ್ನು ಒಂದೊಂದಾಗಿ ಸೇರಿಸಿದೆ. ನನ್ನ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ಬರೆದ ಅರ್ಜಿ ಮತ್ತೊಂದಿಲ್ಲ. ಹದಿನೈದು ದಿನಕ್ಕೆ ಉತ್ತರ ಬಂತು. ಹಿಸ್ಸೆ ಬದಲಾದರೆ ಅದು ಹೊಸ ಅರ್ಜಿ, ಹೊಸ ಅರ್ಜಿಯ ಗಡುವು ಮುಗಿದಿದೆ.

ಅದನ್ನು ಅವರಿಗೆ ಓದಿ ಹೇಳಿದೆ. ನೀಲವ್ವ ಕೇಳಿದಳು, "ನಿಮಗ ಆವತ್ತ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

"ಹಿಂಗೈತಿ ಅಂತ ಒಂದು ಮಾತು ಹೇಳಬಾರದಿತ್ತೇನ್ರಿ?"

ಹನುಮಂತಪ್ಪ ಕಾಗದ ಮಡಚಿಕೊಳ್ಳುತ್ತ ಅಂದ, "ತೊಡಕೈತಿ ಅಂತ ಹೇಳಿದ್ರಲ್ಲ. ನಾನ ನಂಬಲಿಲ್ಲ. ನಡಿ, ಬಸ್ ತಪ್ಪತೈತಿ." ಅವನು ನನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುವರ್ಷ ಮಾಲೀಕರ ಮನೆಯ ತಮ್ಮ ಆ ಹೊಲವನ್ನು ಬಿಡಿಸಿಕೊಂಡು ಟ್ರ್ಯಾಕ್ಟರಿನಿಂದ ಹೂಡಿಸಿದ. ಹನುಮಂತಪ್ಪ ಅಣ್ಣಿಗೇರಿಯಲ್ಲಿ ಕಾಳಿನ ಅಂಗಡಿಯೊಂದರಲ್ಲಿ ಚೀಲ ಹೊರುತ್ತಾನೆಂದು ಮೊರಬದ ಕಡೆಯವರು ಹೇಳಿದರು. ನೋಡಿ ಬರಬೇಕೆಂದು ಎರಡು ಸಲ ಹೊರಟು, ಬಸ್ ನಿಲ್ದಾಣದಿಂದಲೇ ಹೊಳ್ಳಿ ಬಂದೆ.

ಗಿರಿಜಾಳಿಗೆ ಎಲ್ಲಾ ಹೇಳಿದೆ. "ಬೆಲಿ ಕಟ್ರಿ ಅಂದಿದ್ದೆ, ಬಾಯಿ ಕಟ್ರಿ ಅಂದಿದ್ದಿಲ್ಲ," ಅಂದಳು. ಅಂದಿನಿಂದ ನಾನು ಯಾರ ಕಾಗದ ಬಂದರೂ ಅದರಲ್ಲಿ ಕಂಡ ತಪ್ಪನ್ನು ಮೊದಲು ಹೇಳಿಬಿಡುತ್ತಿದ್ದೆ, ದರವನ್ನು ಆಮೇಲೆ. ಹಾಗೆ ಕೇಳಿಕೊಂಡವರಲ್ಲಿ ಅರ್ಧ ಜನ ಬಾಜೂ ಅಂಗಡಿಗೆ ಹೋಗಿ ಎರಡು ರೂಪಾಯಿಗೆ ಬರೆಸಿಕೊಂಡರು. ನನಗೆ ನಷ್ಟವಾಯಿತು. ಅವರ ಮೇಲೆ ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಪದ್ಧತಿ ಬಿಡಲಿಲ್ಲ.

ಕೈಕೆಲಸಕ್ಕೆ, ಓಡಾಟಕ್ಕೆ, ಹೋದ ಹೊತ್ತಿಗೆ ಬೆಲೆ ಕಟ್ಟಬಹುದು, ಕಟ್ಟಲೂಬೇಕು. ಎದುರಿಗಿದ್ದವನು ಮುಳುಗುತ್ತಾನೆಂದು ತಿಳಿದಾಗ ಆ ತಿಳಿವಳಿಕೆಯನ್ನು ಮಾರಾಟಕ್ಕಿಟ್ಟು ಕಾಯಬಾರದು. ಇದನ್ನು ಕಲಿಯಲು ನಾನು ಏನನ್ನೂ ಕೊಡಲಿಲ್ಲ. ಕೊಟ್ಟವರು ನಾಲ್ಕು ಎಕರೆ ಇಪ್ಪತ್ತು ಗುಂಟೆ ಕೊಟ್ಟರು.