ಗುಮ್ಮಣ್ಣನ ಶೆಡ್ಡಿನ ಸ್ಟೆಪ್ನಿ

ನನ್ನದು ಕಾರಿನ ಸೀಟಿಗೆ ಕವರು ಹೊಲಿಯುವ ಅಂಗಡಿ. ಪಕ್ಕದ ತಗಡಿನ ಶೆಡ್ಡು ಗುಮ್ಮಣ್ಣನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಕೂತು ಗುಂ ಗುಂ ಎನ್ನುವ ಸಬ್‌ವೂಫರ್ ಇರುತ್ತದಲ್ಲ, ಅದಕ್ಕೆ ಪೆಟ್ಟಿಗೆ ಮಾಡಿಕೊಡುವುದು ಅವನ ಕಸುಬು. ಆ ಸದ್ದಿಗೆ ಬೀದಿಯ ಮಕ್ಕಳು ಹೆದರಿದ್ದೇ ತಡ, ಅಮ್ಮಂದಿರು "ಊಟ ಮಾಡ್ತೀಯೋ, ಗುಮ್ಮನ್ನ ಕರೀಲೋ" ಎಂದು ಶುರು ಮಾಡಿದರು. ಹೆಸರು ಅಲ್ಲಿಂದ ಅಂಟಿತು. ಆಳನ್ನು ನೋಡಿದರೆ ನೀವು ನಗುತ್ತೀರಿ. ಇರುವೆ ಎದುರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಪೈಕಿ.

ದೊಡ್ಡ ಅಂಗಡಿಯಲ್ಲಿ ಪೆಟ್ಟಿಗೆ ಕೊಳ್ಳಲಾಗದ ಹುಡುಗರೆಲ್ಲ ಅವನ ಹತ್ತಿರ ಬರುತ್ತಾರೆ. ಹೊಸ ಹಲಗೆ ಅವನು ಕೊಳ್ಳುವುದು ಅಪರೂಪ. ಮುಚ್ಚಿದ ಆಫೀಸಿನ ಮೇಜು, ಯಾರೋ ಬೀದಿಗೆ ಹಾಕಿದ ಬೀರುವಿನ ಬೆನ್ನು, ಬಾಗಿಲು ಕೊಯ್ದು ಉಳಿದ ಪ್ಲೈವುಡ್ ತುಂಡು, ಇವೇ ಅವನ ಸರಕು. ಮೂಲೆ ಮೂಲೆಗೆ ಗೋಂದಿನಲ್ಲಿ ಮರದ ಹೊಟ್ಟು ಕಲಸಿ ಮೆತ್ತುತ್ತಾನೆ, ಒಳಗೆ ಹಳೆಯ ದಿಂಬಿನ ಹತ್ತಿ ತುಂಬುತ್ತಾನೆ. ಸ್ಪೀಕರು ಕೂರಿಸಿದ ಮೇಲೆ ಅದರ ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡುತ್ತಾನೆ. ಅದು ನಿಧಾನವಾಗಿ ಮೇಲೆದ್ದರೆ ಪೆಟ್ಟಿಗೆಯಲ್ಲಿ ಗಾಳಿ ಸೋರುತ್ತಿಲ್ಲ ಎಂದರ್ಥ. ಥಟ್ಟನೆ ಎದ್ದರೆ ಎಲ್ಲೋ ಸಂದು ಉಳಿದಿದೆ. ಸಂದು ಸಿಗುವವರೆಗೆ ಮನುಷ್ಯ ಊಟಕ್ಕೆ ಏಳುವುದಿಲ್ಲ. ಕೊನೆಗೆ ನನ್ನ ಅಂಗಡಿಯಲ್ಲಿ ಮಿಕ್ಕಿದ ಬಟ್ಟೆ ಒಯ್ದು ಮೇಲೆ ಹೊದಿಸುತ್ತಾನೆ. ಕೇಳಿ ಒಯ್ಯುವುದೂ ಉಂಟು.

ಅವನನ್ನು ಸಾಕಿದವಳು ಅಕ್ಕ. ಆ ಅಕ್ಕನ ಗಂಡ, ಅಂದರೆ ಗುಮ್ಮಣ್ಣನ ಭಾವ, ಏಳು ಸೀಟಿನ ಟ್ಯಾಕ್ಸಿ ಓಡಿಸುತ್ತಾನೆ. ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲಿ ಕೋಪ. ಅಕ್ಕನ ಋಣ ಸ್ವಲ್ಪವಾದರೂ ತೀರಲಿ ಎಂದು ಗುಮ್ಮಣ್ಣ ಭಾವನ ಕಾರಿಗೆ ತಾನೇ ಒಂದು ಪೆಟ್ಟಿಗೆ ಮಾಡಿದ. ತಿರುವಿನಲ್ಲಿ ಅದು ಜಾರಬಾರದು, ಗಡಗಡ ಎನ್ನಬಾರದು ಎಂದು ಡಿಕ್ಕಿಯ ನೆಲಕ್ಕೆ ತೂತು ಕೊರೆದು ಬಿಗಿದ. ಬಿಗಿಯಲು ಅವನಿಗೆ ಸಿಕ್ಕಿದ್ದು ಹಳೆಯ ಮಂಚ ಬಿಚ್ಚಿದಾಗ ಎತ್ತಿಟ್ಟಿದ್ದ ಬೋಲ್ಟುಗಳು. ಒಂದೊಂದೂ ಗೇಣುದ್ದ. ಅವು ನೆಲ ದಾಟಿ ಕಾರಿನ ಹೊಟ್ಟೆಯ ಕೆಳಗೆ ಇಳಿಬಿದ್ದವು. ಆ ಕಾರಿನಲ್ಲಿ ಸ್ಟೆಪ್ನಿ, ಅಂದರೆ ಪಂಕ್ಚರ್ ಆದರೆ ಬದಲಿಸುವ ಗಾಲಿ, ನೇತಾಡುವುದು ಸರಿಯಾಗಿ ಅದೇ ಜಾಗದಲ್ಲಿ. ತೂತು ಕೊರೆಯಲು ಕೆಳಗಿಳಿಸಿದ್ದ ಸ್ಟೆಪ್ನಿ, ಬೋಲ್ಟು ಅಡ್ಡ ಬಂದು ಮತ್ತೆ ಮೇಲಕ್ಕೆ ಕೂರಲಿಲ್ಲ. ಚಿಕ್ಕ ಬೋಲ್ಟು ತಂದು ಹಾಕಿ ಆಮೇಲೆ ಕಟ್ಟಿದರಾಯಿತು ಎಂದು ಅದನ್ನು ಉರುಳಿಸಿಕೊಂಡು ಹೋಗಿ ಶೆಡ್ಡಿನ ಮೂಲೆಯಲ್ಲಿ, ಹಲಗೆಗಳ ಹಿಂದೆ ಇಟ್ಟ. ಅಷ್ಟರಲ್ಲಿ ಭಾವ ಬಂದ, ಹಾಡು ಹಾಕಿದ, ಭೇಷ್ ಎಂದು ಬೆನ್ನು ತಟ್ಟಿದ. ಜೀವನದಲ್ಲಿ ಮೊದಲ ಸಲ ಭಾವನ ಬಾಯಲ್ಲಿ ಹೊಗಳಿಕೆ ಕೇಳಿದ ಗುಮ್ಮಣ್ಣ ಉಬ್ಬಿಹೋದ. ಸ್ಟೆಪ್ನಿ ತಲೆಯಿಂದ ಹಾರಿಹೋಯಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಭಾವ ಕಾರು ತಂದು ನಮ್ಮ ಎದುರು ನಿಲ್ಲಿಸಿದ. ಮುಖ ಕೆಂಡವಾಗಿತ್ತು. ರೈಲು ಹಿಡಿಯಬೇಕಿದ್ದ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ಪಂಕ್ಚರ್ ಆಗಿದೆ. ಕೆಳಗೆ ಬಗ್ಗಿ ನೋಡಿದರೆ ಬರೀ ಸರಪಳಿ ನೇತಾಡುತ್ತಿದೆ. ರೈಲು ತಪ್ಪಿಸಿಕೊಂಡವರು ಇವನ ಏಳು ತಲೆಮಾರನ್ನೂ ಬಿಡದೆ ಬೈದಿದ್ದಾರೆ.

"ಯಾರು ಕದ್ದಿದ್ದು ಅಂತ ಗೊತ್ತಾಯ್ತು ಬಿಡು," ಎಂದ ಭಾವ. "ಟ್ಯಾಕ್ಸಿ ಸ್ಟ್ಯಾಂಡಲ್ಲಿ ಕಾರು ತೊಳೀತಾನಲ್ಲ, ಅವನೇ. ಕಾರಿನ ಕೆಳಗೆ ನುಗ್ಗೋನು ಅವನೊಬ್ಬನೇ ತಾನೆ? ಕೇಳಿದ್ರೆ ಏನಂದ ಗೊತ್ತಾ? 'ಸ್ಟೆಪ್ನಿ ಇಲ್ದೇ ಇರೋದು ನೋಡಿದ್ದೆ ಸಾರ್, ಹೇಳಿದ್ರೆ ನನ್ನ ಮೇಲೇ ಬರುತ್ತೆ ಅಂತ ಸುಮ್ಮನಾದೆ' ಅಂತಾನೆ. ನೋಡಿಯೂ ಬಾಯಿ ಬಿಡ್ಲಿಲ್ಲ ಅಂದ್ಮೇಲೆ ಕಳ್ಳ ಇನ್ಯಾರು? ಎಲ್ಲರ ಮುಂದೆ ಕೆನ್ನೆಗೆ ಬಾರಿಸಿದೆ. ಇನ್ಮೇಲೆ ಸ್ಟ್ಯಾಂಡಿನ ಒಂದು ಕಾರನ್ನೂ ಅವನು ಮುಟ್ಟೋ ಹಾಗಿಲ್ಲ."

ಗುಮ್ಮಣ್ಣನ ಕೈಯಲ್ಲಿ ಗರಗಸ ಇತ್ತು. ಅವನ ಕಣ್ಣು ಒಂದು ಕ್ಷಣ ಶೆಡ್ಡಿನ ಮೂಲೆಗೆ ಹೋಗಿ ಬಂತು. ಭಾವ ಹೊರಡುವಾಗ "ನಿನ್ನ ಪೆಟ್ಟಿಗೆ ಮಾತ್ರ ಅಲುಗಿಲ್ಲ ನೋಡು" ಎಂದು ಹೇಳಿ ಹೋದ. ಇವನು ತಲೆಯಾಡಿಸಿದ.

ಆಗಲೇ ನನಗೆ ಅನುಮಾನ. ಮಧ್ಯಾಹ್ನ ಗುಮ್ಮಣ್ಣ ನನ್ನ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಎಲ್ಲ ಕಕ್ಕಿದ. ನನಗೆ ಪಿತ್ತ ನೆತ್ತಿಗೇರಿತು.

"ಅಲ್ಲಯ್ಯಾ, ಅವನು ಎದುರಿಗೆ ನಿಂತಿದ್ದಾಗ ಹೇಳೋಕೆ ನಿನಗೇನು ಬಾಯಲ್ಲಿ ಗೋಂದು ಇತ್ತಾ?"

"ಹೊಡೆಯೋಕೆ ಮುಂಚೆ ಬಂದಿದ್ರೆ ಹೇಳ್ತಿದ್ದೆ. ಹೊಡೆದು ಬಂದಿದ್ದ. ಈಗ ಹೇಳಿದ್ರೆ ಜನ್ಮ ಪೂರ್ತಿ ಅಕ್ಕನ್ನ ಚುಚ್ಚಿ ಮಾತಾಡ್ತಾನೆ. 'ನಿನ್ನ ತಮ್ಮ, ನಿನ್ನ ತಮ್ಮ' ಅಂತ."

ಅಕ್ಕನ ನೆಪ ಪೂರ್ತಿ ಸುಳ್ಳಲ್ಲ. ಆದರೆ ಬೆನ್ನು ತಟ್ಟಿಸಿಕೊಂಡ ಸುಖವನ್ನು ವಾಪಸ್ಸು ಕೊಡಲು ಅವನಿಗೆ ಮನಸ್ಸಿರಲಿಲ್ಲ, ಅದೂ ನಿಜ. ನಾನು ಮುಖಕ್ಕೆ ಹೊಡೆದಂತೆ ಹಾಗೇ ಹೇಳಿದೆ.

ಹೇಳುವ ಬದಲು ಅವನು ಮಾಡಿದ ಘನಕಾರ್ಯ ಕೇಳಿ. ಕೆಲಸವಿಲ್ಲದೆ ತಿರುಗುತ್ತಿದ್ದ ಆ ಕಾರು ತೊಳೆಯುವವನನ್ನು ಹುಡುಕಿ ಕರೆತಂದು, ಹಲಗೆ ನುಣುಪಾಗಲು ಉಪ್ಪುಕಾಗದ ತಿಕ್ಕುವ ಕೆಲಸಕ್ಕೆ ಇಟ್ಟುಕೊಂಡ. ತಪ್ಪಿಗೆ ತೇಪೆ ಹಾಕಿದೆ ಎಂದುಕೊಂಡನೋ ಏನೋ. ಆ ಕಾರು ತೊಳೆಯುವವನು ನನ್ನ ವಯಸ್ಸಿನವನು, ತಲೆ ಅರ್ಧ ಬೆಳ್ಳಗಾಗಿದೆ, ತಗ್ಗಿಸಿದ ತಲೆ ಎತ್ತುವುದಿಲ್ಲ. ಮೊದಲ ಸಂಜೆಯೇ ಹೊರಡುವ ಮುಂಚೆ ಗುಮ್ಮಣ್ಣನ ಎದುರು ನಿಂತು, ಊಟದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಖಾಲಿ ಡಬ್ಬಿ ಉರುಳಿತು. ಜೇಬುಗಳನ್ನೂ ಹೊರಗೆಳೆದು ತೋರಿಸಿದ.

"ಇದೆಲ್ಲ ಯಾಕೆ?" ಎಂದ ಗುಮ್ಮಣ್ಣ.

"ಇರಲಿ ಅಣ್ಣಾ. ಊರೆಲ್ಲ ಕಳ್ಳ ಅಂದಾಗ ನಂಬಿ ಕರೆದೋರು ನೀವೊಬ್ಬರೇ. ನಿಮಗೆ ಅನುಮಾನ ಬರಬಾರದು."

ದಿನಾ ಇದೇ ನಡೆಯಿತು. ಗುಮ್ಮಣ್ಣ ಬೇಡವೆಂದಷ್ಟೂ ಅವನು ಇನ್ನಷ್ಟು ಶ್ರದ್ಧೆಯಿಂದ ಕೊಡವುತ್ತಿದ್ದ. ಸಂಜೆಯಾದರೆ ಗುಮ್ಮಣ್ಣ ಏನೋ ನೆಪ ತೆಗೆದು ನನ್ನ ಅಂಗಡಿಗೆ ಓಡಿಬರುತ್ತಿದ್ದ, ಅವನು ಇಲ್ಲಿಗೇ ಬಂದು ಚೀಲ ತೋರಿಸಿ ಹೋಗುತ್ತಿದ್ದ. ಗುಮ್ಮಣ್ಣನಿಗೆ ಅನ್ನ ರುಚಿಸಲಿಲ್ಲ. ಪೆಟ್ಟಿಗೆಗಳು ಸೋರತೊಡಗಿದವು. ರಸ್ತೆಯಲ್ಲಿ ಗುಂ ಗುಂ ಎಂದು ಕಾರು ಹೋದರೆ ತಾನೇ ಮಾಡಿದ ಪೆಟ್ಟಿಗೆಯೆಂದು ಮೊದಲು ಎದೆಯುಬ್ಬಿಸುತ್ತಿದ್ದವನು ಈಗ ಬೆಚ್ಚಿಬೀಳುತ್ತಿದ್ದ. ನನಗೆ ಕನಿಕರವೂ ಆಗುತ್ತಿತ್ತು, ಕಪಾಳಕ್ಕೆ ಎರಡು ಬಿಗಿಯುವ ಮನಸ್ಸೂ ಆಗುತ್ತಿತ್ತು.

ಒಂದು ದಿನ ತಿಕ್ಕಲು ಹಲಗೆ ಸಾಲದೆ ಕಾರು ತೊಳೆಯುವವನು ಮೂಲೆಯ ಕಡೆಗೆ ಹೊರಟ.

"ಅಲ್ಲಿಗೆ ಹೋಗ್ಬೇಡ," ಎಂದು ಗುಮ್ಮಣ್ಣ ಗದರಿದ.

ಗದರುವುದು ಅವನ ಜಾಯಮಾನವೇ ಅಲ್ಲ. ಆ ಮನುಷ್ಯ ನಿಂತಲ್ಲೇ ನಿಂತು, ಎರಡು ಕೈಗಳನ್ನೂ ಅಗಲಿಸಿ, "ನಾನೇನೂ ಮುಟ್ಟಿಲ್ಲ ಅಣ್ಣಾ" ಎಂದ. ಅಷ್ಟೇ. ಗುಮ್ಮಣ್ಣ ಹಲಗೆಗಳನ್ನು ಎಳೆದು ಬೀಳಿಸಿ, ಧೂಳು ಹಿಡಿದಿದ್ದ ಸ್ಟೆಪ್ನಿಯನ್ನು ಉರುಳಿಸಿ ತಂದು ಅವನ ಕಾಲ ಬುಡದಲ್ಲಿ ಕೆಡವಿದ. ನಿಂತಲ್ಲೇ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಅವನು ಗಾಲಿಯನ್ನೇ ನೋಡುತ್ತಾ ಕೇಳಿಸಿಕೊಂಡ.

"ನಿಮ್ಮ ಭಾವನಿಗೂ ಹೇಳಿ," ಎಂದ ಕೊನೆಗೆ.

ಗದ್ದಲ ಕೇಳಿ ಬಂದಿದ್ದ ನಾನೂ ಸೇರಿ ಮೂವರೂ ಸ್ಟ್ಯಾಂಡಿಗೆ ಹೋದೆವು. ಚಾಲಕರೆಲ್ಲ ಸುತ್ತ ನೆರೆದಿದ್ದಾಗಲೇ ಗುಮ್ಮಣ್ಣ ಮಂಚದ ಬೋಲ್ಟಿನಿಂದ ಹಿಡಿದು ಒಂದೂ ಮುಚ್ಚಿಡದೆ ಒಪ್ಪಿಸಿದ. ಭಾವ ಕೂಗಾಡುತ್ತಾನೆಂದು ನಾನು ಅಡ್ಡ ನಿಲ್ಲಲು ತಯಾರಾಗಿದ್ದೆ. ಅವನು ಕೂಗಾಡಲಿಲ್ಲ. ಬಾನೆಟ್ಟಿಗೆ ಒರಗಿ ತನ್ನ ಬಲಗೈಯನ್ನು ನೋಡಿಕೊಂಡ.

"ಅವತ್ತು ಅಲ್ಲೇ ಹೇಳಿದ್ರೆ ನಿನ್ನನ್ನ ನಾಲ್ಕು ಬೈದು, ಇವನ ಕಾಲಿಗೆ ಬಿದ್ದು ಮುಗಿಸ್ತಿದ್ದೆ ಕಣೋ. ಇಷ್ಟು ದಿನ ಇವನನ್ನ ನೋಡಿದಾಗೆಲ್ಲ ಕಳ್ಳಾ ಅಂತ ಉಗಿದಿದ್ದೀನಿ." ಆಮೇಲೆ ಕಾರು ತೊಳೆಯುವವನ ಕಡೆ ತಿರುಗಿದ. "ತಪ್ಪಾಯ್ತು ಮಾರಾಯಾ. ನಾಳೆಯಿಂದ ನನ್ನ ಕಾರು ನೀನೇ ತೊಳಿ. ಎಲ್ಲರ ಕಾರೂ ನೀನೇ ತೊಳಿ."

"ಆಗಲಿ ಸಾರ್. ಆದ್ರೆ ನಾನು ಕದ್ದಿಲ್ಲ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಒಂದು ಸಲ ಮನೆಗೆ ಬಂದು ನನ್ನ ಹೆಂಡ್ತಿಗೆ ಹೇಳಿ."

ಭಾವನ ಕಾರಿನಲ್ಲೇ ಹೋದೆವು. ಯಾರೂ ಹಾಡು ಹಾಕಲಿಲ್ಲ. ಓಣಿಯ ಕೊನೆಯಲ್ಲಿ ಒಂದೇ ಕೋಣೆಯ ಮನೆ. ಅವನ ಹೆಂಡತಿ ಬಟ್ಟೆ ಒಣಗಹಾಕುತ್ತಿದ್ದಳು. ನಮ್ಮನ್ನು ನೋಡಿ ಮೊದಲು ಗಂಡನ ಮುಖ ನೋಡಿದಳು, ಈಗ ಇನ್ನೇನು ಮಾಡಿಕೊಂಡು ಬಂದೆ ಎನ್ನುವ ಹಾಗೆ. ಗುಮ್ಮಣ್ಣ ಹೊಸ್ತಿಲ ಹೊರಗೇ ನಿಂತು ನಾಲ್ಕನೆಯ ಸಲ ಎಲ್ಲ ಹೇಳಿದ. ಈ ಸಲ ಅಳು ಬರಲಿಲ್ಲ, ಮಾತೇ ತಡವರಿಸಿತು.

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಯ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಅವರೇನಾ ನೀವು? ಪೆಟ್ಟಿಗೆ ಅಣ್ಣ?" ಎಂದಳು.

ಗುಮ್ಮಣ್ಣ ಹೌದೆಂದ.

"ಇವರು ದಿನಾ ನಾನಲ್ಲ, ನಾನಲ್ಲ ಅಂತ ಹೇಳ್ತಾನೇ ಇದ್ರು. ನಾನು ನಂಬಲಿಲ್ಲ. ಬೆಳಿಗ್ಗೆ ಇವರು ಹೊರಡುವಾಗ ಒಂದು ಮಾತು ಹೇಳಿ ಕಳಿಸ್ತಿದ್ದೆ ಅಣ್ಣಾ. ಆ ಪೆಟ್ಟಿಗೆ ಅಣ್ಣನನ್ನ ನೋಡಿಯಾದ್ರೂ ನಿಯತ್ತು ಕಲಿತುಕೊಳ್ಳಿ ಅಂತ."