ಅತ್ತೆಯ ಸಾಕ್ಷಿ, ಸಾಕಿದ ಅಜ್ಜಿ

ನನ್ನ ಅತ್ತೆ ಟೈಲರ್. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವರ ಮಷಿನ್ನು, ಅದರ ಬುಡದಲ್ಲಿ ಚಿಂದಿಬಟ್ಟೆಯ ರಾಶಿ, ರಾಶಿಯ ಮೇಲೆ ನನ್ನ ಮಗ. ಸೂಜಿ ಬಿದ್ದರೆ ಅತ್ತೆ ಮೊದಲು ಮಗುವನ್ನು ಎತ್ತುತ್ತಾರೆ, ಸೂಜಿ ಆಮೇಲೆ.

ಹಿಂದಿನ ಕೋಣೆಯಲ್ಲಿ ಅತ್ತೆಯನ್ನು ಸಾಕಿದ ತಾಯಿ ಇದ್ದಾರೆ, ನಮಗೆಲ್ಲ ಅಜ್ಜಿ. ಅತ್ತೆ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದವರಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಅತ್ತೆ ಕೂಸಾಗಿದ್ದಾಗ ಗುಡ್ಡದಾಚೆಯ ಜನರ ಮಕ್ಕಳನ್ನು ಆಗಿನ ಅಧಿಕಾರಿಗಳು ಲಾರಿಯಲ್ಲಿ ತಂದು, ಹೆಸರು ಬದಲಿಸಿ, ಈ ಊರಿನ ಮನೆಮನೆಗೆ ಹಂಚಿದ್ದರು.

ಹೊಲಿಗೆ ಬಿಟ್ಟ ಕರಿ ಗೌನು ತಂದಿದ್ದ ಲಾಯರಮ್ಮ ಒಂದು ಮಧ್ಯಾಹ್ನ ಸ್ಟೂಲೆಳೆದು ಕೂತರು. ಮಕ್ಕಳನ್ನು ಹಂಚಿದ ಅಧಿಕಾರಿ ಈಗ ಮುದುಕ. ಅವನ ಮೇಲೆ ಕೇಸು ನಡೆಯುತ್ತಿದೆ, ಅತ್ತೆ ಸಾಕ್ಷಿ ಹೇಳಬೇಕು.

“ಏನಂತ ಕೇಸು?” ಅತ್ತೆ ಕೇಳಿದರು.

“ಜನಾಂಗಹತ್ಯೆ.”

“ನಾನು ಬದುಕೇ ಇದೀನಲ್ಲಮ್ಮ.”

ನನಗೂ ತಲೆಬುಡ ತಿಳಿಯಲಿಲ್ಲ. ಲಾಯರಮ್ಮ ಬಿಡಿಸಿ ಹೇಳಿದರು. ಒಂದು ಜನಾಂಗವೇ ಇಲ್ಲದಂತೆ ಮಾಡುವ ಉದ್ದೇಶದಿಂದ ಅದರ ಮಕ್ಕಳನ್ನು ಬಲವಂತವಾಗಿ ಬೇರೆಯವರಿಗೆ ಕೊಟ್ಟರೂ ಅದು ಜನಾಂಗಹತ್ಯೆಯೇ. ಅಂತರರಾಷ್ಟ್ರೀಯ ಒಪ್ಪಂದ ಹಾಗೆನ್ನುತ್ತದೆ. ನಮ್ಮ ದೇಶ ಅದಕ್ಕೆ ಎಂದೋ ಸಹಿ ಹಾಕಿತ್ತು. ಆದರೆ ಬರೀ ಸಹಿಯಿಂದ ಯಾರನ್ನೂ ಜೈಲಿಗೆ ಹಾಕಲಾಗದು. ನಮ್ಮದೇ ದಂಡಸಂಹಿತೆಯಲ್ಲಿ ಸೆಕ್ಷನ್ ಬೇಕು, ಶಿಕ್ಷೆ ಇಷ್ಟೆಂದು ಬರೆದಿರಬೇಕು. ಅದು ಬಂದದ್ದು ಈಚೆಗೆ.

“ಮಾಡಿದ್ದು ಆಗ, ಕಾನೂನು ಬಂದಿದ್ದು ಈಗ. ಹೇಗೆ ಹೊಂದುತ್ತೆ?” ಎಂದೆ.

“ಆ ಅಧಿಕಾರಿಯ ವಕೀಲರು ಕೇಳ್ತಿರೋದೂ ಅದನ್ನೇ. ಆಗಲೂ ಲೋಕವೆಲ್ಲ ಅದನ್ನ ಅಪರಾಧ ಅಂತಿತ್ತು ಅನ್ನೋದು ನಮ್ಮ ವಾದ. ಬರೀ ಅಪಹರಣ ಅಂದ್ರೆ ಕೇಸು ಹಾಕೋ ಕಾಲ ಮೀರಿಹೋಗಿದೆ. ಜನಾಂಗಹತ್ಯೆಗೆ ಕಾಲಮಿತಿ ಇಲ್ಲ.”

ಅತ್ತೆ ಗೌನಿನ ಹಳೆ ನೂಲು ಬಿಚ್ಚುತ್ತ, “ಅಮ್ಮನ್ನೂ ಒಳಗೆ ಹಾಕ್ತಾರಾ?” ಎಂದರು. ಅವರ ಭಯ ಅದೊಂದೇ.

“ಇಲ್ಲ. ಆದ್ರೆ ಅವರ ಮನೆಗೆ ಹೇಗೆ ಬಂದ್ರಿ ಅಂತ ಎಲ್ಲರೆದುರು ಹೇಳಬೇಕಾಗುತ್ತೆ.”

ಅಜ್ಜಿಗೆ ಕಿವಿ ಮಂದ ಎಂದುಕೊಂಡಿದ್ದೆವು. ಸಂಜೆ ಅತ್ತೆ ಅವರ ತಲೆ ಬಾಚುತ್ತಿದ್ದಾಗ ಅಜ್ಜಿಯೇ ಮಾತು ತೆಗೆದರು.

“ಯಾರ ಮಗು ಅಂತ ಕೇಳ್ಬೇಕು ಅನ್ನಿಸಿತ್ತು ಕಣೇ. ಕೇಳಿದ್ರೆ ವಾಪಸ್ ತಗೊಂಡುಬಿಡ್ತಾರೇನೋ ಅಂತ ಬಾಯಿ ಮುಚ್ಕೊಂಡೆ.”

ಅತ್ತೆಯ ಬಾಚಣಿಗೆ ಕೊಂಚ ಬಿರುಸಾಯಿತು.

“ನಿಧಾನ ಕಣೇ, ಇರೋದೇ ನಾಲ್ಕು ಕೂದಲು,” ಎಂದರು ಅಜ್ಜಿ.

ನಾನು ಮಗುವಿಗೆ ಹಾಲು ಕೊಡುತ್ತ ಕೂತಿದ್ದೆ. ಅತ್ತೆಯನ್ನು ಹೆತ್ತ ಆ ಇನ್ನೊಬ್ಬ ತಾಯಿ ಲಾರಿಯ ಹಿಂದೆ ಎಷ್ಟು ದೂರ ಓಡಿರಬಹುದು ಎಂದು ನೆನೆದೆ. ಈ ಮುದುಕಿಯ ಮೇಲೆ ಸಿಟ್ಟಾಗೋಣವೆಂದರೆ ಸಿಟ್ಟೂ ಬರಲೊಲ್ಲದು.

ಹೋಗುತ್ತೇನೆಂದೂ ಒಲ್ಲೆನೆಂದೂ ಅತ್ತೆ ಹೇಳಲಿಲ್ಲ. ಸಾಕ್ಷಿಯ ದಿನ ಬೆಳಿಗ್ಗೆ ನೋಡಿದರೆ ಅಜ್ಜಿ ಇಸ್ತ್ರಿ ಬಟ್ಟೆ ಉಟ್ಟು ಬಾಗಿಲಲ್ಲಿ ಕೂತಿದ್ದಾರೆ.

“ನೀನೆಲ್ಲಿಗೆ?” ಅತ್ತೆ ಕೇಳಿದರು.

“ಒಬ್ಬಳೇ ಹೋದ್ರೆ ಹೆದರ್ಕೋತೀಯ. ಚಿಕ್ಕಂದಿನಿಂದ್ಲೂ ಹಾಗೇ.”

ಅತ್ತೆ ಅಜ್ಜಿಯ ಚಪ್ಪಲಿ ತಂದಿಟ್ಟರು.

ಕೋರ್ಟಿನಲ್ಲಿ ಅತ್ತೆಯನ್ನು ಒಳಗೆ ಕರೆದರು. ಹೊರಗಿನ ಬೆಂಚಿನ ಮೇಲೆ ಅಜ್ಜಿ ಮಗಳ ಕೈಚೀಲವನ್ನು ಎದೆಗೊತ್ತಿಕೊಂಡು ಬಾಗಿಲನ್ನೇ ನೋಡುತ್ತಿದ್ದರು.

“ಎಲ್ಲ ಹೇಳ್ತಾಳಾ?”

ಹೇಳಲಿ ಎಂಬ ಆಸೆಯೋ, ಹೇಳಿಬಿಟ್ಟರೆ ಎಂಬ ಭಯವೋ, ನನಗೆ ತಿಳಿಯಲಿಲ್ಲ.

“ಹೇಳ್ತಾರೆ ಅಜ್ಜಿ.”

ಅಜ್ಜಿ ಚೀಲದ ಹಿಡಿಯನ್ನು ಸರಿಪಡಿಸಿದರು. “ಜೋರಾಗಿ ಮಾತಾಡು ಅಂತ ಹೇಳಿ ಕಳಿಸ್ಬೇಕಿತ್ತು,” ಎಂದರು.