ಕತ್ತಲಲ್ಲಿ ಒಪ್ಪಿದ ವಾಸುದೇವರಾಯರು

ಮೊದಲೇ ಹೇಳಿಬಿಡುತ್ತೇನೆ. ಸಾಗರದ ವಕೀಲ ವಾಸುದೇವರಾಯರ ಮಗಳು ನಳಿನಿಯ ಮದುವೆಗೆ ಒಪ್ಪಿಗೆ ಕೊಟ್ಟವನು ನಾನು. ನಾನು ಅವಳ ಸೋದರಮಾವನಲ್ಲ, ಅಣ್ಣನಲ್ಲ, ಜಾತಕ ನೋಡುವ ಜೋಯಿಸನೂ ಅಲ್ಲ. ಆಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಕೆಲಸವಂತೂ ಬರುವ ಲಕ್ಷಣವೇ ಇರಲಿಲ್ಲ. ಇದ್ದದ್ದು ಒಂದೇ ವಿದ್ಯೆ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತಿತ್ತು. ಕನ್ನಡ ಪಂಡಿತರು, ಬಸ್ ಏಜೆಂಟು, ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ನಿನ್ನನ್ನೇ ಅಣಕಿಸಿಕೋ ಎಂದರೆ ಮಾತ್ರ ತೊದಲುತ್ತಿದ್ದೆ. ಸ್ವಂತ ದನಿ ಯಾವುದೆಂದು ನನಗೇ ಗೊತ್ತಿರಲಿಲ್ಲ. ಇಂಥವನು ದೊಡ್ಡವರ ಮನೆಯ ಮದುವೆ ಮಾತುಕತೆಯಲ್ಲಿ ಬಾಯಿ ಹಾಕಬಾರದು. ಹಾಕಿದೆ. ಹಾಕಿದ್ದೇನೆ ಎಂಬುದು ತಿಳಿದದ್ದು ಹೊಸನಗರದಲ್ಲಿ ಸಕ್ಕರೆ ಹಂಚಿ ಆದ ಮೇಲೆ.

ರಾಯರು ಮುಖ್ಯವಾದ ಮಾತು ಆಡುವ ಮೊದಲು ಕನ್ನಡಕ ತೆಗೆಯುತ್ತಿದ್ದರು. ಕನ್ನಡಕವಿಲ್ಲದಿದ್ದರೆ ಅವರಿಗೆ ಒಂದು ಮಾರು ಆಚೆ ಇರುವವರು ಮನುಷ್ಯರೋ ಮರವೋ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರ ಮುಖ್ಯವಾದ ಮಾತುಗಳೆಲ್ಲ ತಪ್ಪು ವಿಳಾಸಕ್ಕೆ ಹೋಗುತ್ತಿದ್ದವು. ನನಗೆ ಸಲ್ಲಬೇಕಾದ ಬೈಗುಳವನ್ನು ಹಾಲು ತಂದ ಹೆಂಗಸು ತಿಂದದ್ದುಂಟು. ಒಮ್ಮೆ ಕಕ್ಷಿದಾರನೊಬ್ಬನಿಗೆ ದಾಯಾದಿ ಜಗಳ ಯಾಕೆ ಕೂಡದೆಂದು ದೀರ್ಘವಾಗಿ ಹೇಳಿ, "ತಿಳೀತಾ?" ಎಂದು ಗೋಡೆಯ ಗೂಟದಲ್ಲಿದ್ದ ಕೋಟನ್ನು ಕೇಳಿದರು. ಕೋಟು ಸುಮ್ಮನಿತ್ತು. "ಮೌನಂ ಸಮ್ಮತಿ ಲಕ್ಷಣಂ" ಎಂದು ಎದ್ದು ಒಳಗೆ ಹೋದರು. ಕಕ್ಷಿದಾರ ಆಗಲೇ ಬೀದಿಯಲ್ಲಿ ದಾಯಾದಿಯೊಂದಿಗೆ ಕೈ ಕೈ ಮಿಲಾಯಿಸುತ್ತಿದ್ದ.

ಮನೆಯಲ್ಲೂ ಅವರದು ಕೋರ್ಟಿನ ಭಾಷೆಯೇ. ಊಟಕ್ಕೆ ಕೂತು, "ಈ ಸಾರಿಗೆ ನನ್ನ ತಕರಾರಿದೆ" ಎನ್ನುವರು. ಅವರ ಹೆಂಡತಿ ರುಕ್ಮಿಣಮ್ಮ ಹೆಚ್ಚು ಮಾತಾಡುವವರಲ್ಲ. "ತಕರಾರು ದಾಖಲಾಯ್ತು. ನಾಳೆನೂ ಇದೇ ಸಾರು" ಎಂದು ಇನ್ನೊಂದು ಸೌಟು ಬಡಿಸುವರು. ರಾಯರು ಸೋತ ವಕೀಲನ ಗಾಂಭೀರ್ಯದಿಂದ ಅನ್ನ ಕಲಸುವರು.

ಇಂಥ ರಾಯರಿಗೆ ನಾಟಕದ ಹುಚ್ಚು. ಮೈಸೂರಿನಲ್ಲಿ ಓದುವಾಗ ಯಾವುದೋ ಹಳೆಯ ಇಂಗ್ಲಿಷ್ ಪ್ರಹಸನವನ್ನು ರಂಗದ ಮೇಲೆ ಕಂಡಿದ್ದರಂತೆ. ದೊಡ್ಡ ಮನೆತನ, ಬಿಗುಮಾನದ ಯಜಮಾನ, ಅವನು ಆರಿಸಿದ ಸಿರಿವಂತ ಅಳಿಯ, ಮಗಳು ಆರಿಸಿದ ಬಡ ಗುಮಾಸ್ತ, ನಡುವೆ ಒಬ್ಬ ಮದುವೆ ದಲ್ಲಾಳಿ. ಅದನ್ನು ಮಲೆನಾಡಿಗೆ ಒಗ್ಗಿಸಿ ತಾವೇ ಕನ್ನಡದಲ್ಲಿ ಬರೆದರು. ಚೀನಾ ಯುದ್ಧ ಮುಗಿದ ಮರುವರ್ಷ ನಮ್ಮನ್ನೆಲ್ಲ ಗುಡ್ಡೆ ಹಾಕಿ ತಮ್ಮ ಜಗಲಿಯಲ್ಲೇ ತಾಲೀಮು ಶುರುಮಾಡಿದರು. ನಾವೋ, ಅಡಿಕೆ ಮಂಡಿಯಲ್ಲಿ ತೂಕ ಮಾಡುವವರು, ಅಂಚೆ ವಿಂಗಡಿಸುವವರು, ನನ್ನಂತೆ ಏನೂ ಮಾಡದವರು. ದೊಡ್ಡ ಮನೆಯವರು ಹೇಗಿರುತ್ತಾರೆಂದು ಯಾರಿಗೆ ಗೊತ್ತು? ರಾಯರು ಸೋಫಾ ತೋರಿಸಿ ಕೂರು ಎಂದರೆ ನಾನು ತುದಿಯಲ್ಲಿ ಅಂಡೂರಿದೆ.

"ಹಾಂಗಲ್ಲ ಮಾರಾಯ. ಬಸ್ ಬತ್ತದೆ ಅಂತ ಕಾಯೋರ ಹಾಂಗೆ ಕೂತಿದ್ದೀಯಲ್ಲ. ದೊಡ್ಡ ಮನೆಯವ್ರು ಕೂರದಿಲ್ಲ ಕಣೋ, ಒರಗ್ತಾರೆ. ಬಸ್ಸು ಅವ್ರಿಗೆ ಕಾಯ್ತದೆ."

ಒರಗಿದೆ. ನನಗೆ ಕೊಟ್ಟದ್ದು ಯಜಮಾನನ ಪಾತ್ರ. ಆ ಪಾತ್ರಕ್ಕೊಂದು ದನಿ ಬೇಕಿತ್ತು. ಹತ್ತಿರದಲ್ಲಿ ಸಿಕ್ಕಿದ್ದು ರಾಯರದೇ. ಅದೇ ಕೆಮ್ಮು, ಅದೇ ಎಳೆತ, ಮಾತಿನ ಮೊದಲು ಕನ್ನಡಕ ತೆಗೆಯುವುದು, ಆಮೇಲೆ ಕಂಬಕ್ಕೆ ಬೈಯುವುದು. ಹುಡುಗರು ಮುಖ ತಿರುಗಿಸಿ ನಗು ನುಂಗಿದರು. ರಾಯರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಭೇಷ್. ಇಂಥ ಅಪ್ಪ ನಿಂಗೆ ಎಲ್ಲಿ ಸಿಕ್ಕಿದ್ನೋ?"

"ಇಲ್ಲೇ ಸಾಗರದಾಗೇ, ರಾಯ್ರೇ."

"ಪಾಪ, ಅವ್ರ ಮನೆಯವ್ರು ಹೆಂಗೆ ಸಹಿಸ್ತಾರೋ."

ಒಳಬಾಗಿಲಲ್ಲಿ ನಿಂತಿದ್ದ ರುಕ್ಮಿಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದರು. ರಾಯರಿಗೆ ತಿಳಿಯಲೇ ಇಲ್ಲ. ತಮ್ಮನ್ನು ತಾವು ಎದುರಿಗೇ ಕಂಡು ಗುರುತು ಹಿಡಿಯದವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ.

ಅತ್ತ ಜಗಲಿಯಲ್ಲಿ ಪ್ರಹಸನ ನಡೆಯುತ್ತಿದ್ದರೆ ಇತ್ತ ನಡುಮನೆಯಲ್ಲಿ ಅದರದೇ ಗದ್ಯರೂಪ ನಡೆದಿತ್ತು. ನಳಿನಿಗೆ ತೀರ್ಥಹಳ್ಳಿಯ ಕಡೆಯ ಜಮೀನ್ದಾರರ ಮಗನನ್ನು ರಾಯರು ಗೊತ್ತುಮಾಡುವುದರಲ್ಲಿದ್ದರು. ಆ ಮನೆಯವರಿಗೆ ಕಾರಿತ್ತು. ನಳಿನಿಗೆ ಮನಸ್ಸಿದ್ದದ್ದು ಹೊಸನಗರದ ದನದ ಡಾಕ್ಟರ ಮೇಲೆ. ಆತ ಮುಂಚೆ ಸಾಗರದಲ್ಲಿದ್ದಾಗ ರಾಯರ ಹಸುವಿನ ಕಾಲು ನೋಡಲು ಬಂದವನು, ಕಾಲು ವಾಸಿಯಾದ ಮೇಲೂ ಬರುತ್ತಿದ್ದ. ಹಸುವಿಗೇ ಬೇಸರ ಬರುವಷ್ಟು. ಆತನ ಸೋದರಮಾವ ಸುಬ್ಬಣ್ಣ ಒಮ್ಮೆ ಬಂದು ಹೆಣ್ಣು ಕೇಳಿದಾಗ ರಾಯರು ಯೋಚಿಸಿ ಹೇಳುತ್ತೇನೆಂದು ಕಳಿಸಿದ್ದರು. ಯೋಚನೆ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು. "ನನ್ ಮಗಳ ಕೈ ಹಿಡಿಯೋನು ಬೆಳಿಗ್ಗೆ ಎದ್ದು ಎಮ್ಮೆ ಬಾಲ ಹಿಡಿಯದಾ?" ನಳಿನಿ ತೀರ್ಥಹಳ್ಳಿಯವರಿಗೆ ಕೊಡುವುದಾದರೆ ತನಗೆ ಮದುವೆಯೇ ಬೇಡ ಎಂದು ತಾಯಿಗೆ ಹೇಳಿ, ಊಟ ಅರ್ಧ ಮಾಡಿದಳು. ತೀರ್ಥಹಳ್ಳಿಯವರು ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದರು.

ಆ ಬುಧವಾರ ಸಂಜೆ ತಾಲೀಮಿನ ನಡುವೆ ಕರೆಂಟು ಹೋಯಿತು. ಜೋಗದಲ್ಲಿ ಹುಟ್ಟುವ ಕರೆಂಟಿಗೆ ಪಕ್ಕದ ಸಾಗರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ದೂರದ ಊರುಗಳಿಗೇ ಅದರ ಒಲವು. ರಾಯರು ದೇವರ ಮನೆಯಲ್ಲಿ ಸಂಧ್ಯಾವಂದನೆಗೆ ಕೂತಿದ್ದರು. ಅದು ಮುಗಿಯುವವರೆಗೆ ಅವರು ಮೌನ. ದಲ್ಲಾಳಿ ಪಾತ್ರದ ರಘು ಬೀಡಿ ಸೇದಲು ಬೀದಿಗೆ ಹೋಗಿದ್ದ. ಅದು ನನಗೆ ಗೊತ್ತಿರಲಿಲ್ಲ. ನಾನು ಸೋಫಾದಲ್ಲಿ ಒರಗಿದ್ದೆ. ಕತ್ತಲಲ್ಲಿ ಮೆಟ್ಟಿಲ ಕಡೆಯಿಂದ ದನಿ ಬಂತು.

"ರಾಯ್ರೇ, ನಮ್ಮ ಹುಡುಗನ ವಿಷಯ ಎಂತ ಮಾಡಿದ್ರಿ? ಎಂತದೇ ಇದ್ರೂ ಇವತ್ತು ಹೇಳಿಬಿಡಿ."

ನಾಟಕದ ಕೊನೆಯ ಅಂಕದಲ್ಲಿ ದಲ್ಲಾಳಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ರಘು ಕತ್ತಲನ್ನೂ ಹಾಳು ಮಾಡದೆ, ದನಿಯನ್ನೂ ಬದಲಿಸಿಕೊಂಡು ಅಭ್ಯಾಸಕ್ಕೆ ಇಳಿದಿದ್ದಾನಲ್ಲ ಎಂದು ನನಗೆ ಮೆಚ್ಚುಗೆಯಾಯಿತು. ರಾಯರ ಕೆಮ್ಮು ಕೆಮ್ಮಿ, ಇಲ್ಲದ ಕನ್ನಡಕ ತೆಗೆದು, ರಾಯರ ದನಿಯಲ್ಲಿ ಯಜಮಾನನ ಮಾತು ಹೇಳಿದೆ.

"ಮದುವೆ ಮಾಡುವುದು ಮನೆತನಕ್ಕಲ್ಲ, ಮಗಳಿಗೆ. ಅವಳು ಒಪ್ಪಿದವನಿಗೇ ಕೊಟ್ಟೆ. ಹೋಗಿ ಹೇಳಿ."

ಯಾರೋ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಕೈ ನಡುಗುತ್ತಿತ್ತು. ರಘು ಇಷ್ಟು ಚೆನ್ನಾಗಿ ಅಭಿನಯಿಸಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಕೈ ಬಿಟ್ಟು ಓಡಿದ. ದೀಪ ಬಂದ ಮೇಲೆ ರಘು ಬೀಡಿ ವಾಸನೆಯೊಂದಿಗೆ ಬಂದು, ಯಾವ ಅಂಕ ನಡೀತಿದೆ ಎಂದು ಕೇಳಿದಾಗಲೂ ನನ್ನ ತಲೆಗೆ ಹೊಳೆಯಲಿಲ್ಲ. ಸಂಧ್ಯಾವಂದನೆ ಮುಗಿಸಿ ಬಂದ ರಾಯರು ನನ್ನ ಬೆನ್ನು ತಟ್ಟಿದರು. "ಒಳಗಿಂದ ಕೇಳ್ತಿದ್ದೆ. ಆ ಮಾತು ಇವತ್ತು ಸರಿಯಾಗಿ ಬಂತು ನೋಡು. ಕೇಳಿದೋನು ನಂಬಬೇಕು. ಹಾಂಗಿತ್ತು."

ಕೇಳಿದವನು ನಂಬಿದ್ದ.

ರಾಯರನ್ನು ನಾನು ಕಡೆಯ ಸಲ ಕಂಡದ್ದು ಎಷ್ಟೋ ವರ್ಷಗಳ ಮೇಲೆ ಹೊಸನಗರದಲ್ಲಿ, ಮಗಳ ಮನೆಯಲ್ಲಿ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಂಗಳದಲ್ಲಿ ಅಳಿಯ ಒಂದು ಕರುವಿನ ಬಾಯಿ ಬಿಡಿಸಿ ನೋಡುತ್ತಿದ್ದ. ರಾಯರು ಬೆತ್ತದ ಕುರ್ಚಿಯಲ್ಲಿ ಇಳಿದುಹೋಗಿ ಕೂತಿದ್ದರು. ದನಿಯೂ ಇಳಿದಿತ್ತು. "ದನದ ಡಾಕ್ಟ್ರದ್ದು ಒಳ್ಳೆ ಕಸುಬು ಕಣೋ. ಕಕ್ಷಿದಾರ ಸುಳ್ಳು ಹೇಳದಿಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದರು. "ನೀನು ಮಾಡಿದ್ದು ಸರಿಯೋ ತಪ್ಪೋ, ನಂಗೆ ಇನ್ನೂ ತೀರ್ಮಾನ ಆಗಿಲ್ಲ" ಎಂದರು. ಮುಖ ಕರುವಿನ ಕಡೆಗಿತ್ತು. ನನಗೆ ಹೇಳಿದರೋ, ಅಳಿಯನಿಗೋ, ಕರುವಿಗೋ, ಕೇಳುವ ಧೈರ್ಯವಾಗಲಿಲ್ಲ. ಆ ಚಳಿಗಾಲದಲ್ಲಿ ತೀರಿಕೊಂಡರು. ಅವರು ಹೋದ ಮೇಲೆ ಆ ದನಿಯನ್ನು ನಾನು ತೆಗೆದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಹೋಟೆಲಿನಲ್ಲಿ ದೋಸೆ ಬೇಗ ಬರಲೆಂದು ತೆಗೆದೆ. ದೋಸೆ ಬಂತು, ತಿನ್ನಲಾಗಲಿಲ್ಲ.

ಇನ್ನು, ಕರೆಂಟು ಹೋದ ಆ ಬುಧವಾರದ ನಂತರದ ಭಾನುವಾರ ಬೆಳಿಗ್ಗೆ. ಪಾತ್ರಕ್ಕೆಂದು ರಾಯರು ಕೊಟ್ಟ ಹಳೆಯ ಕರಿ ಕೋಟನ್ನು ಜಗಲಿಯಲ್ಲಿ ತೊಟ್ಟು ನೋಡುತ್ತಿದ್ದೆ. ತೋಳು ಉದ್ದ, ಬೆರಳ ತುದಿಯಷ್ಟೇ ಕಾಣುತ್ತಿತ್ತು. ಆಗ ಸುಬ್ಬಣ್ಣ ಬಂದರು. ಕೈಯಲ್ಲಿ ಹರಿವಾಣ, ತೆಂಗಿನಕಾಯಿ, ವೀಳ್ಯ, ಬಾಳೆಹಣ್ಣು, ಸಕ್ಕರೆ ಪೊಟ್ಟಣ.

"ಎಂತ ಸುಬ್ಬಣ್ಣ, ಇದೆಲ್ಲ ಎಂತಕ್ಕೆ?" ಎಂದರು ರಾಯರು.

"ನೀವು ಮಾತು ಕೊಟ್ಟ ಮೇಲೆ ಬರಿಗೈಲಿ ಬರಕ್ಕಾಗ್ತದಾ ರಾಯ್ರೇ? ಮೊನ್ನೆ ಇಲ್ಲಿಗೆ ಬರಬೇಕಾದ್ರೆ ಕಾಲೇ ಬರ್ತಿರ್ಲಿಲ್ಲ. ಇಲ್ಲ ಅಂತೀರಿ ಅಂತಲೇ ಬಂದೋನು ನಾನು. ನೀವು ಕತ್ತಲಲ್ಲಿ ಒರಗಿ ಕೂತು ಆಡಿದ್ರಲ್ಲ, ಮನೆತನಕ್ಕಲ್ಲ ಮಗಳಿಗೆ ಅಂತ, ಅದನ್ನ ಹೇಳ್ದೆ, ಅಕ್ಕ ಅತ್ತೇ ಬಿಟ್ಲು. ಬೀದಿಗೆಲ್ಲ ಸಕ್ರೆ ಹಂಚಿ ಆಯ್ತು."

ಆ ದನಿ ಕೇಳುತ್ತಲೇ ನನಗೆ ಕೈಗಳ ನಡುಕ ನೆನಪಾಯಿತು. ಅಷ್ಟು ದಿನ ರಘುವಿನದೆಂದುಕೊಂಡಿದ್ದ ನಡುಕ. ಕೋಟು ಕಳಚಿ ಓಡೋಣವೆಂದರೆ ತೋಳು ಬಿಡಿಸಿಕೊಳ್ಳಲಾಗಲಿಲ್ಲ. ರಾಯರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಏ ಮಂಗ, ಇಲ್ಲಿ ಬಾ. ಆವತ್ತು ಒರಗಿದ್ದೋನು ನೀನಲ್ದಾ? ಆಡು, ಈಗ. ಹಾಂಗೇ ಆಡು. ಸುಬ್ಬಣ್ಣನೂ ಕೇಳ್ಲಿ."

ಒಂದು ಕೆಮ್ಮು ಕೆಮ್ಮಿ, "ನಳಿನೀ, ಕಾಫಿ ತಗಂಬಾ" ಎಂದೆ. ಬಾಯಿಗೆ ಬಂದದ್ದು ಅಷ್ಟೆ.

"ಬಂದೆ ಅಪ್ಪಯ್ಯಾ" ಎಂದು ಒಳಗಿನಿಂದ ಉತ್ತರ ಬಂತು. ಹಿಂದೆಯೇ ನಳಿನಿ ಬಂದಳು. ಕರಿ ಕೋಟು ನೋಡಿ ನೇರವಾಗಿ ನನ್ನ ಮುಂದೆ ಲೋಟ ಹಿಡಿದಳು, ಮೇಲೆ ನೋಡಿ ನನ್ನ ಮುಖ ಕಂಡು ಬೆಪ್ಪಾದಳು. ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ. ಅವಳು ನಿಜವಾಗಿ ಮೋಸ ಹೋದಳೋ, ಬೇಕೆಂದೇ ಹೋದಳೋ, ಇಂದಿಗೂ ನನಗೆ ಬಗೆಹರಿದಿಲ್ಲ.

ರಾಯರ ಮುಖದಲ್ಲಿ ಕೇಸು ಗೆದ್ದ ಕಳೆ ಬಂತು. "ನೋಡಿದ್ರಾ ಸುಬ್ಬಣ್ಣ? ಹೆತ್ತ ಮಗಳಿಗೇ ಗೊತ್ತಾಗ್ಲಿಲ್ಲ, ನಿಮ್ಮ ತಪ್ಪೆಂತದೂ ಇಲ್ಲ. ಒಪ್ಪಿದ್ದು ನಾನಲ್ಲ, ಈ ಮಂಗ."

ಸುಬ್ಬಣ್ಣ ನನ್ನನ್ನು ನೋಡಿದರು. ಹೆಗಲ ಶಲ್ಯ ತೆಗೆದು ನಿಧಾನವಾಗಿ ಹರಿವಾಣಕ್ಕೆ ಮುಚ್ಚತೊಡಗಿದರು. "ಅಕ್ಕನಿಗೆ ಎಂತ ಹೇಳದು" ಎಂದು ಅವರಷ್ಟಕ್ಕೇ ಅಂದುಕೊಂಡರು. ನಳಿನಿ ಕಾಫಿ ಲೋಟ ಹಿಡಿದುಕೊಂಡೇ ಒಳಗೆ ಹೋದಳು.

ರುಕ್ಮಿಣಮ್ಮ ಹೊರಗೆ ಬಂದು ಹೊಸಿಲ ಬಳಿ ನಿಂತರು.

"ದನಿ ಈ ಹುಡುಗಂದೇ ಅಂತ ಆಯ್ತು. ಮಾತು ಯಾರು ಬರ್ದಿದ್ದು?"

"ನಾನೇ ಬರ್ದಿದ್ದು. ಆದ್ರೆ ಅದು ನಾಟಕದ ಅಪ್ಪ ಆಡೋ ಮಾತು ಕಣೇ, ನಾನು ಆಡೋದಲ್ಲ."

"ಹಂಗಾರೆ ಧಾರೆನೂ ಆ ಅಪ್ಪನೇ ಎರೀಲಿ. ನೀವು ಮುಂದಿನ ಬೆಂಚಲ್ಲಿ ಕೂತು ಚಪ್ಪಾಳೆ ಹೊಡೀರಿ."